ಎರಡು ಬೆರಳು ಗಾಳಿ

ಹನ್ನೊಂದನೇ ಮಹಡಿಯಲ್ಲಿ ನನ್ನ ಕುರ್ಚಿಗೆ ಐದು ಚಕ್ರ.
ಕಾಲಿಗೆ ಕೆಲಸವಿಲ್ಲ.
ಕೊರಳಿಗೆ ಟ್ಯಾಗು ಹಾಕಿಕೊಂಡು ಒಂಬತ್ತೂವರೆಗೆ ಕೂತರೆ
ಬಿಲ್ಲು, ಜಿಎಸ್‌ಟಿ ನಂಬರು, ಸಹಿ,
ಒಂದಕ್ಕೊಂದು ತಾಳೆ ಹಾಕುವುದು,
ತಪ್ಪು ಕಂಡಲ್ಲಿ ಹಳದಿ ಬಳಿಯುವುದು.

ಹಳದಿ ನನಗೆ ಗೊತ್ತು.
ಹದಿಮೂರು ವರ್ಷ ಅದಕ್ಕೆ ಹೆದರಿ ಬದುಕಿದವಳು.

ನಾನು ನಡಿಗೆಯವಳು. ಇಪ್ಪತ್ತು ಕಿಲೋಮೀಟರು.
ಇಂಟರ್‌ವ್ಯೂನಲ್ಲಿ ಕೇಳಿದರು,
ನಡೆಯೋದಕ್ಕೂ ಮೆಡಲ್ ಕೊಡ್ತಾರಾ?
ಕೊಡ್ತಾರೆ ಸರ್. ಒಂದು ಕಾಲು ಸದಾ ನೆಲದ ಮೇಲಿರಬೇಕು,
ಊರಿದ ಕಾಲಿನ ಮಂಡಿ ಮಡಚಬಾರದು,
ತೀರ್ಪುಗಾರರು ಹಳದಿ ಹಲಗೆ ಹಿಡಿದು ದಾರಿಯುದ್ದ ನಿಂತಿರುತ್ತಾರೆ.
ಎಚ್.ಆರ್.ನ ಅಯ್ಯಪ್ಪ ನಕ್ಕ:
ಹಾಗಾದ್ರೆ ಕಂಪ್ಲಯನ್ಸ್‌ಗೇ ಹಾಕೋಣ.
ತಮಾಷೆಗೆ ಅಂದದ್ದು. ಹಾಗೇ ಆಯಿತು.

ಹೈಕೋರ್ಟಿನ ಕೆಂಪು ಗೋಡೆ ಇನ್ನೂ ಕಪ್ಪಗಿರುವಾಗ
ಕಬ್ಬನ್ ಪಾರ್ಕಿನಲ್ಲಿ ಸೊಂಟ ತಿರುಗಿಸುತ್ತ ಹೋಗುತ್ತಿದ್ದೆ.
ಹಾಲಿನ ವ್ಯಾನಿನ ಹುಡುಗರು ಬಾತುಕೋಳಿಯಂತೆ ಕೂಗುತ್ತಿದ್ದರು.
ಇವಳ ನಡಿಗೆ ಸರಿಯಿಲ್ಲ ಎಂದು ಅಲ್ಲಿ ಯಾರೋ ಅಂದದ್ದು
ಶ್ರೀರಾಮಪುರದ ನಮ್ಮ ಬೀದಿ ಮುಟ್ಟುವಷ್ಟರಲ್ಲಿ
ನಡತೆ ಸರಿಯಿಲ್ಲ ಎಂದಾಗಿತ್ತು.
ಅಮ್ಮ ಗಾರ್ಮೆಂಟ್ಸಿನಲ್ಲಿ ಕಾಲರು ಹೊಲಿಯುವವಳು.
ತುಟಿಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಅಂದಳಂತೆ,
ನಡೀಲಿ ಬಿಡ್ರೀ.

ಆಮೇಲೆ ಆ ಹದಿನೆಂಟನೇ ಕಿಲೋಮೀಟರು.
ಎರಡನೆಯವಳಾಗಿ ಬರುತ್ತಿದ್ದೆ. ಮೂರನೇ ಕೆಂಪು ಚೀಟಿ.
ಎದೆಯ ನಂಬರು ಕಿತ್ತು ಪಕ್ಕಕ್ಕೆ ಸರಿದು ನಿಂತೆ,
ಮುಂದೆ ಹೋದವಳ ಬೆವರಿನ ವಾಸನೆ ಇನ್ನೂ ಅಲ್ಲೇ ಇತ್ತು.
ವಾರದ ನಂತರ ಪತ್ರಿಕೆಯವರೊಬ್ಬರು ಫೋಟೊ ಕಳಿಸಿದರು:
ನನ್ನ ಎರಡೂ ಶೂಗಳ ಕೆಳಗೆ
ಎರಡು ಬೆರಳು ಗಾಳಿ.
ನನಗೇ ಗೊತ್ತಿರಲಿಲ್ಲ.
ಅಷ್ಟು ವರ್ಷ ನೆಲಕ್ಕೆ ಅಂಟಿಕೊಂಡು ನಡೆದವಳು
ಹಾರಿದ್ದೆ.

ಆ ಫೋಟೊ ಡ್ರಾಯರಿನಲ್ಲಿದೆ, ಸ್ಟೇಪ್ಲರಿನಡಿ.

ಹೋದ ತಿಂಗಳು ಆಫೀಸಿನಲ್ಲಿ ಹೆಜ್ಜೆ ಎಣಿಸುವ ಪೈಪೋಟಿ.
ಪಕ್ಕದ ಟೀಮಿನ ತನುಜಾ ಫೋನನ್ನು ಮಗುವಿನ ತೊಟ್ಟಿಲಿಗೆ ಕಟ್ಟಿ
ದಿನಕ್ಕೆ ಹದಿನಾಲ್ಕು ಸಾವಿರ ದಾಟಿಸಿದಳು.
ನನಗೆ ಹದಿನೇಳನೇ ಸ್ಥಾನ.
ಚಪ್ಪಾಳೆ ತಟ್ಟಿದೆ, ಎಲ್ಲರಿಗಿಂತ ಜೋರಾಗಿಯೇ.
ಶೂ ಒಳಗೆ ಬೆರಳುಗಳು ಮಾತ್ರ ಮುಷ್ಟಿ ಹಿಡಿದಿದ್ದವು.

ಇವತ್ತು ಮಧ್ಯಾಹ್ನ ಸೈರನ್ ಕೂಗಿತು.
ಬೆಂಕಿಯಲ್ಲ, ಬೆಂಕಿಯ ತಾಲೀಮು. ಲಿಫ್ಟು ಬಂದ್.
ಸೆಕ್ಯುರಿಟಿಯ ತಿಮ್ಮರಾಯಪ್ಪ ಹಳದಿ ಜಾಕೀಟು ತೊಟ್ಟು
ಮೆಗಾಫೋನಿನಲ್ಲಿ ಒಂದೇ ಸಮ:
ಓಡಬೇಡಿ, ನಡೀರಿ. ಓಡಬೇಡಿ, ನಡೀರಿ.
ನನ್ನ ಇಡೀ ಪ್ರಾಯವನ್ನು
ಒಬ್ಬ ಮನುಷ್ಯ ಇಷ್ಟು ಸಲೀಸಾಗಿ ಕೂಗಿಬಿಡುವುದೇ?

ರುಖಿಯಾಗೆ ಏಳು ತಿಂಗಳು. ತೋಳು ಕೊಟ್ಟೆ.
ಇನ್ನೂರ ನಲವತ್ತೆರಡು ಮೆಟ್ಟಿಲು.
ಪ್ರತಿ ಮೆಟ್ಟಿಲಿಗೂ ಎರಡೂ ಪಾದ ಊರಿ,
ನಿಂತು, ಮತ್ತೆ ಇಳಿದು,
ಇಷ್ಟು ನಿಧಾನ ನಾನೆಂದೂ ನಡೆದಿರಲಿಲ್ಲ.
ಆರನೇ ಮಹಡಿಯಲ್ಲಿ ಅವಳು ನನ್ನ ಅಂಗೈ ಎಳೆದು
ಹೊಟ್ಟೆಯ ಮೇಲಿಟ್ಟಳು. ಒಳಗೆ ಯಾರೋ
ಯಾವ ನೆಲವನ್ನೂ ಮುಟ್ಟದೆ ಕಾಲು ಝಾಡಿಸುತ್ತಿದ್ದರು.

ಕೆಳಗೆ ಅಯ್ಯಪ್ಪ ಗಡಿಯಾರ ನೋಡಿ ಬರೆದುಕೊಂಡ:
ಹನ್ನೊಂದನೇ ಮಹಡಿ, ಹದಿನಾಲ್ಕು ನಿಮಿಷ, ಎಲ್ಲರಿಗಿಂತ ಕೊನೆ.
ಹೊರವರ್ತುಲ ರಸ್ತೆಯಲ್ಲಿ ಒಂದು ವಾಹನವೂ ಕದಲುತ್ತಿರಲಿಲ್ಲ.
ರುಖಿಯಾ ಕಟ್ಟೆಯ ಮೇಲೆ ಕೂತು, ನೀರು ಅಂದಳು.
ನೀರು ಗೇಟಿನ ಪಕ್ಕದ ಕೋಣೆಯಲ್ಲಿತ್ತು, ಇನ್ನೂರು ಮೀಟರು ಆಚೆ.

ಹಿಮ್ಮಡಿ ಊರಿದೆ. ಮಂಡಿ ನೆಟ್ಟಗಾಯಿತು.
ಸೊಂಟಕ್ಕೆ ಮರೆತಿರಲಿಲ್ಲ.
ಕಾರುಗಳ ಸಾಲು, ಟೀ ಲೋಟ ಹಿಡಿದ ಗುಂಪು, ಎಲ್ಲ ಹಿಂದಕ್ಕೆ.
ಹಿಂದಿನಿಂದ ಮೆಗಾಫೋನು ಕಿರುಚಿತು:
ಮೇಡಂ, ಓಡಬೇಡಿ!

ಓಡ್ತಾ ಇಲ್ಲ, ಎಂದೆ.
ಕೆಳಗೆ ನೋಡಲಿಲ್ಲ.